ಚಾಪ್ಲಿನ್‌ನನ್ನು ಕೈಬಿಟ್ಟ ಸ್ಟುಡಿಯೋ: ಮ್ಯಾಕ್ ಸೆನೆಟ್ ಪ್ರಕರಣ

1933ರ ನವೆಂಬರ್‌ನಲ್ಲಿ ಹಾಲಿವುಡ್‌ನ ನಗೆಚಿತ್ರ ನಿರ್ಮಾಪಕ ಮ್ಯಾಕ್ ಸೆನೆಟ್‌ನ ಕಂಪನಿ ದಿವಾಳಿಯಾಯಿತು. ಅದಕ್ಕೆ ಒಂದು ವರ್ಷದ ಹಿಂದೆ, 1932ರ ನವೆಂಬರ್‌ನಲ್ಲಿ, ಅವನು ನಿರ್ಮಿಸಿದ ಒಂದು ಕಿರುಚಿತ್ರಕ್ಕೆ ಆಸ್ಕರ್ ಬಂದಿತ್ತು. ನಗೆನಟ ಡಬ್ಲ್ಯೂ. ಸಿ. ಫೀಲ್ಡ್ಸ್ ಅವನಿಗಾಗಿ ನಾಲ್ಕು ಕಿರುಚಿತ್ರಗಳಲ್ಲಿ ನಟಿಸಿದ್ದೂ ಆಗಲೇ. ನಗೆಚಿತ್ರ ಪ್ರಿಯರು ಇವತ್ತಿಗೂ ಅವನ್ನು ಹುಡುಕಿಕೊಂಡು ನೋಡುತ್ತಾರೆ. ಗಾಯಕ ಬಿಂಗ್ ಕ್ರಾಸ್ಬಿ ಇನ್ನೂ ದೊಡ್ಡ ಹೆಸರಾಗುವ ಮೊದಲು, 1931-32ರಲ್ಲಿ, ಹಾಡುತ್ತ ನಗಿಸುತ್ತ ಕ್ಯಾಮೆರಾ ಮುಂದೆ ಪಳಗಿದ್ದೂ ಸೆನೆಟ್‌ನ ಕಿರುಚಿತ್ರಗಳಲ್ಲೇ. ಅಂದರೆ ಇದು ಪ್ರತಿಭೆಗೆ ಬರ ಬಂದು ಬಾಗಿಲು ಹಾಕಿದ ಸ್ಟುಡಿಯೋ ಅಲ್ಲ.

ಹಾಗಾದರೆ ಯಾಕೆ ಮುಳುಗಿತು? ಟಾಕಿ ಬಂತು, ಬಿದ್ದು ಎದ್ದು ಓಡುವ ಮೂಕಿ ನಗೆಯ ಕಾಲ ಮುಗಿಯಿತು, ಅದರ ಜೊತೆ ಸೆನೆಟ್ ಕೂಡ ಮುಗಿದ ಎಂಬುದು ಎಲ್ಲ ಕಡೆ ಸಿಗುವ ಉತ್ತರ. ನನಗೆ ಇದು ಒಪ್ಪಿಗೆಯಿಲ್ಲ. 1928ರ ಕೊನೆಗೇ ಅವನ ಮೊದಲ ಟಾಕಿ ಕಿರುಚಿತ್ರ ಬಿಡುಗಡೆಯಾಗಿತ್ತು. ಧ್ವನಿಗೆ ಹೆದರಿ ಕೂತವನಲ್ಲ ಅವನು. ಅವನ ಸೋಲು ಶುರುವಾದದ್ದು ಅದಕ್ಕೂ ಹದಿನಾಲ್ಕು ವರ್ಷ ಮೊದಲು, ವ್ಯಾಪಾರ ಅತ್ಯಂತ ಚೆನ್ನಾಗಿ ನಡೆಯುತ್ತಿದ್ದಾಗ. 1914ರ ಕೊನೆಯಲ್ಲಿ ಇಪ್ಪತ್ತೈದು ವರ್ಷದ ನಟನೊಬ್ಬ ಸಂಬಳ ಏರಿಸಿ ಎಂದು ಕೇಳಿದ. ಸೆನೆಟ್ ಏರಿಸಲಿಲ್ಲ. ಆಗ ಮಾಡಿದ ಲೆಕ್ಕವನ್ನೇ ಅವನು ಕೊನೆತನಕ ಮತ್ತೆ ಮತ್ತೆ ಮಾಡಿದ.

ಎಡೆಂಡೇಲ್‌ನ ಕಾರ್ಖಾನೆ

ಸೆನೆಟ್ ಹುಟ್ಟಿದ್ದು 1880ರ ಜನವರಿಯಲ್ಲಿ, ಕೆನಡಾದ ಕ್ವಿಬೆಕ್‌ನಲ್ಲಿ, ಐರಿಷ್ ಮೂಲದ ಕುಟುಂಬದಲ್ಲಿ. ನಿಜವಾದ ಹೆಸರು ಮೈಕಲ್ ಸಿನೊಟ್. ಹದಿನೇಳರ ವಯಸ್ಸಿನಲ್ಲಿ ಮನೆಯವರ ಜೊತೆ ಅಮೆರಿಕದ ಕನೆಕ್ಟಿಕಟ್‌ಗೆ ಬಂದು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ. ಆಪೆರಾ ಗಾಯಕನಾಗುವ ಆಸೆ ಹೊತ್ತು ನ್ಯೂಯಾರ್ಕ್‌ಗೆ ಹೋದವನಿಗೆ ಸಿಕ್ಕಿದ್ದು ಅಗ್ಗದ ನಾಟಕಶಾಲೆಗಳ ಹಿಮ್ಮೇಳ. 1908ರಲ್ಲಿ ಬಯೋಗ್ರಾಫ್ ಎಂಬ ಸಿನಿಮಾ ಕಂಪನಿ ಸೇರಿದ. ಅಲ್ಲಿ ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್ ಸಿನಿಮಾದ ವ್ಯಾಕರಣವನ್ನೇ ಹೊಸದಾಗಿ ಕಟ್ಟುತ್ತಿದ್ದ.

ಗ್ರಿಫಿತ್‌ನಿಂದ ಸೆನೆಟ್ ಕಲಿತದ್ದು ಮುಖ್ಯವಾಗಿ ಒಂದೇ ಪಾಠ. ಒಂದು ಕಡೆ ಅಪಾಯದಲ್ಲಿರುವ ಹೆಣ್ಣು, ಇನ್ನೊಂದು ಕಡೆ ಧಾವಿಸಿ ಬರುತ್ತಿರುವ ರಕ್ಷಕರು. ಎರಡನ್ನೂ ಕತ್ತರಿಸಿ ಜೋಡಿಸುತ್ತ ಹೋದರೆ ನೋಡುವವರ ಎದೆ ಡವಗುಟ್ಟುತ್ತದೆ. ಬರುವ ರಕ್ಷಕರೇ ಕೈಲಾಗದವರಾದರೆ ಏನಾಗುತ್ತದೆ ಎಂದು ಸೆನೆಟ್ ಯೋಚಿಸಿದ. ಅವನ ಚಿತ್ರಗಳಲ್ಲಿ ಗುಂಪಾಗಿ ಓಡಿ ಬೀಳುವ ಪೆದ್ದ ಪೊಲೀಸರು, ಅಂದರೆ ಕೀಸ್ಟೋನ್ ಪೊಲೀಸರು, ಹುಟ್ಟಿದ್ದು ಅಲ್ಲಿಂದ. ಫ್ರಾನ್ಸಿನ ಓಟದ ನಗೆಚಿತ್ರಗಳಿಂದ ತಾನು ಕದ್ದದ್ದನ್ನೂ ಅವನು ಮುಚ್ಚಿಡಲಿಲ್ಲ.

1912ರಲ್ಲಿ ಸೆನೆಟ್ ನಡೆಸುವ ಕೀಸ್ಟೋನ್ ಕಂಪನಿ ಶುರುವಾಯಿತು. ಹಣ ಹಾಕಿದವರು ನ್ಯೂಯಾರ್ಕ್ ಮೋಷನ್ ಪಿಕ್ಚರ್ ಕಂಪನಿಯ ಆಡಂ ಕೆಸೆಲ್ ಮತ್ತು ಚಾರ್ಲ್ಸ್ ಬೌಮನ್. ಜೂಜಿನ ಸಾಲ ತೀರಿಸಲಾಗದೆ ಈ ಇಬ್ಬರಿಗೆ ಸಿನಿಮಾ ಕಂಪನಿಯ ಕನಸು ಮಾರಿದೆ ಎಂದು ಸೆನೆಟ್ ಮುಂದೆ ರಸವತ್ತಾಗಿ ಕಥೆ ಕಟ್ಟುತ್ತಿದ್ದ. ಆದರೆ ಕೆಸೆಲ್ ಮತ್ತು ಬೌಮನ್ 1909ರಿಂದಲೇ ಸಿನಿಮಾ ವ್ಯಾಪಾರದಲ್ಲಿದ್ದರು, ಅವರಿಗೆ ಕನಸು ಮಾರುವ ಅಗತ್ಯವೇ ಇರಲಿಲ್ಲ. ಈ ಪ್ರಕರಣಕ್ಕೆ ಮುಖ್ಯವಾದ ಸಂಗತಿ ಬೇರೆ. ಕೀಸ್ಟೋನ್‌ನಲ್ಲಿ ದುಡಿಮೆ ಸೆನೆಟ್‌ನದು, ಬಂಡವಾಳ ಮತ್ತು ಹೆಸರು ಇನ್ನೊಬ್ಬರದು.

ಲಾಸ್ ಏಂಜಲೀಸ್‌ನ ಎಡೆಂಡೇಲ್‌ನಲ್ಲಿದ್ದ ಹಳೆಯ ಸ್ಟುಡಿಯೋ ಒಂದರಲ್ಲಿ ಕೆಲಸ ಶುರುವಾಯಿತು. ಮೊದಲ ಬಿಡುಗಡೆ 1912ರ ಸೆಪ್ಟೆಂಬರ್ 23ಕ್ಕೆ, ಒಂದೇ ರೀಲಿನಲ್ಲಿ ಎರಡು ಚಿತ್ರ. ರೀಲು ಅಂದರೆ ಸಾವಿರ ಅಡಿ ಫಿಲ್ಮು, ಹತ್ತು ಹದಿನೈದು ನಿಮಿಷದ ಆಟ. ಮೇಬಲ್ ನಾರ್ಮಂಡ್, ಫೋರ್ಡ್ ಸ್ಟರ್ಲಿಂಗ್, ಫ್ರೆಡ್ ಮೇಸ್ ಮೊದಲ ತಂಡದವರು. ಮರುವರ್ಷ ರೋಸ್ಕೊ ಆರ್ಬಕಲ್ ಬಂದ.

ಇಲ್ಲಿನ ಕೆಲಸದ ಕ್ರಮ ನೋಡುವಂಥದ್ದು. ಬರೆದ ಚಿತ್ರಕಥೆ ಅಂತ ಶುರುವಿನಲ್ಲಿ ಇರಲೇ ಇಲ್ಲ. ಒಂದು ಸನ್ನಿವೇಶ, ಒಂದು ಓಟ ಇದ್ದರೆ ಸಾಕಿತ್ತು. ಊರಲ್ಲಿ ಮೆರವಣಿಗೆ ಇದ್ದರೆ, ಕಾರ್ ರೇಸ್ ಇದ್ದರೆ, ನಟರನ್ನು ಕರೆದುಕೊಂಡು ಓಡುವುದು, ಜನಜಂಗುಳಿಯನ್ನೇ ಪುಕ್ಕಟೆ ಸೆಟ್ ಮಾಡಿಕೊಳ್ಳುವುದು. 1913ರಲ್ಲಿ ಎಕೊ ಪಾರ್ಕ್ ಕೆರೆಯ ನೀರು ಖಾಲಿ ಮಾಡಿದಾಗ ಸೆನೆಟ್‌ನ ತಂಡ ಅಲ್ಲಿಗೂ ಹೋಗಿ ಆ ಕೆಸರಿನಲ್ಲೇ ಪ್ರೇಮಿಗಳನ್ನೂ ಪೊಲೀಸರನ್ನೂ ಒದ್ದಾಡಿಸಿ ಒಂದು ಚಿತ್ರ ಮಾಡಿಕೊಂಡು ಬಂತು. ಕ್ಯಾಮೆರಾದ ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತಿದ್ದ ಕಾಲ ಅದು. ಶೂಟಿಂಗ್ ವೇಳೆ ನಿಧಾನ ತಿರುಗಿಸಿದರೆ ಪರದೆಯ ಮೇಲೆ ಎಲ್ಲರೂ ಗಾಳಿಗೆ ಸಿಕ್ಕವರಂತೆ ಓಡುತ್ತಿದ್ದರು. ಸ್ಟುಡಿಯೋದ ಒಳಗೆ ಬಣ್ಣ ಬಳಿದ ದೃಶ್ಯಗಳ ದೊಡ್ಡ ಉರುಳೆ ಇತ್ತು. ನಟರು ನಿಂತಲ್ಲೇ ಓಡಿದರೆ ಹಿಂದಿನ ಊರೇ ಸರಿದು ಹೋದಂತೆ ಕಾಣುತ್ತಿತ್ತು.

ಸೆನೆಟ್‌ನ ನಿಜವಾದ ಶಕ್ತಿ ಕಣ್ಣಿನಲ್ಲಿತ್ತು. ಯಾರು ನಗಿಸಬಲ್ಲರು, ಯಾವ ಹೊಡೆತ ಎಲ್ಲಿ ನಿಲ್ಲಬೇಕು ಅನ್ನುವುದು ಅವನಿಗೆ ಬರೀ ನೋಡಿದರೆ ತಿಳಿಯುತ್ತಿತ್ತು. ಸ್ಟುಡಿಯೋದ ಇಡೀ ಅಂಗಳ ಕಾಣುವಂತೆ ಎತ್ತರದ ಗೋಪುರದಲ್ಲಿ ಕಚೇರಿ ಕಟ್ಟಿಸಿಕೊಂಡಿದ್ದ. ಅಲ್ಲೊಂದು ಭಾರೀ ಸ್ನಾನದ ತೊಟ್ಟಿಯೂ ಇತ್ತು. ಅಂಥ ಸೂಕ್ಷ್ಮ ಕಣ್ಣಿದ್ದವನಿಗೆ, ತಾನು ಗುರುತಿಸಿದವರಿಗೆ ಮುಂದೆ ಎಷ್ಟು ಬೆಲೆ ಬರಬಹುದು ಎನ್ನುವುದು ಮಾತ್ರ ಕಾಣಲಿಲ್ಲ. ಈ ಪ್ರಕರಣ ಓದುವಾಗೆಲ್ಲ ನನಗೆ ಸಂಕಟವಾಗುವುದು ಇಲ್ಲಿಯೇ.

1914: ವಾರಕ್ಕೆ ಸಾವಿರ ಡಾಲರ್

ಫೋರ್ಡ್ ಸ್ಟರ್ಲಿಂಗ್ ಹೆಚ್ಚು ಸಂಬಳಕ್ಕೆ ಬೇರೆ ಕಡೆ ಹೋಗುವ ಸೂಚನೆ ಕಂಡಾಗ ಕೀಸ್ಟೋನ್ ಬದಲಿ ನಟನನ್ನು ಹುಡುಕಿತು. ಫ್ರೆಡ್ ಕಾರ್ನೊನ ಇಂಗ್ಲಿಷ್ ನಾಟಕ ತಂಡದ ಜೊತೆ ಅಮೆರಿಕದಲ್ಲಿ ಸುತ್ತುತ್ತಿದ್ದ ಚಾರ್ಲ್ಸ್ ಚಾಪ್ಲಿನ್ 1913ರ ಸೆಪ್ಟೆಂಬರ್‌ನಲ್ಲಿ ಕರಾರಿಗೆ ಸಹಿ ಹಾಕಿ ಡಿಸೆಂಬರ್‌ನಲ್ಲಿ ಎಡೆಂಡೇಲ್‌ಗೆ ಬಂದ. ಸಂಬಳ ವಾರಕ್ಕೆ 150 ಡಾಲರ್. ಅವನಿಗೆ ಅದೇ ದೊಡ್ಡ ಮೊತ್ತ.

1914ರ ಜನವರಿಯಲ್ಲಿ ವೆನಿಸ್ ಎಂಬ ಕಡಲತೀರದ ಊರಿನಲ್ಲಿ ಮಕ್ಕಳ ಪುಟ್ಟ ಕಾರುಗಳ ರೇಸ್ ನಡೆಯಿತು. ನಿರ್ದೇಶಕ ಹೆನ್ರಿ ಲೆಹ್ರ್‌ಮನ್ ಚಾಪ್ಲಿನ್‌ನನ್ನು ಅಲ್ಲಿಗೆ ಕರೆದೊಯ್ದ. ಅರ್ಧ ರೀಲಿನ ಆ ಚಿತ್ರದಲ್ಲಿ ಕಥೆಯೇ ಇಲ್ಲ. ದೊಗಲೆ ಪ್ಯಾಂಟು, ಬಿಗಿ ಕೋಟು, ಬೆತ್ತದ ಒಬ್ಬ ಅಲೆಮಾರಿ, ರೇಸಿನ ವರದಿ ಚಿತ್ರಿಸಲು ಬಂದ ಕ್ಯಾಮೆರಾ ಮುಂದೆ ಬಂದು ನಿಲ್ಲುತ್ತಾನೆ. ಕ್ಯಾಮೆರಾದವರು ತಳ್ಳುತ್ತಾರೆ. ಏನೂ ಆಗದವನಂತೆ ಮತ್ತೆ ಬರುತ್ತಾನೆ. ಆ ಚಿತ್ರ ನೋಡುವಾಗ ಚಾಪ್ಲಿನ್‌ನನ್ನು ಬಿಟ್ಟು ಹಿಂದಿನ ಜನರನ್ನು ನೋಡಿ. ಅವರು ನಟರಲ್ಲ, ರೇಸ್ ನೋಡಲು ಬಂದವರು. ಮೊದಲು ಯಾರೋ ಅಡ್ಡ ಬಂದ ಎಂಬ ಗೊಂದಲ. ಆಮೇಲೆ ಒಬ್ಬೊಬ್ಬರಾಗಿ ರೇಸಿನಿಂದ ಕಣ್ಣು ತೆಗೆದು ಇವನತ್ತ ತಿರುಗುತ್ತಾರೆ, ಮುಖ ಅರಳುತ್ತದೆ. ಈ ವೇಷವನ್ನು ಇನ್ನೊಂದು ಚಿತ್ರಕ್ಕೆ ಮೊದಲೇ ಹಾಕಿದ್ದನಾದರೂ ತೆರೆಗೆ ಮೊದಲು ಬಂದದ್ದು ಈ ಚಿತ್ರ, ಫೆಬ್ರವರಿ 7ಕ್ಕೆ. ಜಗತ್ತಿನ ಅತ್ಯಂತ ಹೆಸರಾದ ನಗೆಪಾತ್ರಕ್ಕೆ ಮೊದಲ ಪ್ರೇಕ್ಷಕರು ಸಿಕ್ಕ ಗಳಿಗೆ ಫಿಲ್ಮಿನಲ್ಲೇ ದಾಖಲಾಗಿದೆ.

ಸ್ಟುಡಿಯೋ ಒಳಗೆ ಮಾತ್ರ ಜಗಳ. ಕೀಸ್ಟೋನ್‌ಗೆ ವೇಗ ಬೇಕು, ಚಾಪ್ಲಿನ್‌ಗೆ ನಿಲ್ಲಲು ಸಮಯ ಬೇಕು. ಲೆಹ್ರ್‌ಮನ್ ಜೊತೆ ಹೊಂದಲಿಲ್ಲ, ಮೇಬಲ್ ನಾರ್ಮಂಡ್ ನಿರ್ದೇಶಿಸಿದಾಗಲೂ ತಕರಾರು ತೆಗೆದ. ಚಾಪ್ಲಿನ್ ಆತ್ಮಕಥೆಯಲ್ಲಿ ಹೇಳಿಕೊಂಡಂತೆ, ಸೆನೆಟ್ ಅವನನ್ನು ಕಿತ್ತುಹಾಕಲು ಹೊರಟಿದ್ದ. ಅಷ್ಟರಲ್ಲಿ, ಚಾಪ್ಲಿನ್ ಚಿತ್ರಗಳಿಗೆ ಬೇಡಿಕೆ ಬರುತ್ತಿದೆ, ಇನ್ನೂ ಕಳಿಸಿ ಎಂದು ನ್ಯೂಯಾರ್ಕ್‌ನಿಂದ ತಂತಿ ಬಂತು. ತನಗೇ ನಿರ್ದೇಶನ ಕೊಡಿ, ಚಿತ್ರ ಬಿಡುಗಡೆಗೆ ಲಾಯಕ್ಕಾಗದಿದ್ದರೆ ತನ್ನ ಉಳಿತಾಯದ 1,500 ಡಾಲರ್ ಇಟ್ಟುಕೊಳ್ಳಿ ಎಂದು ಚಾಪ್ಲಿನ್ ಪಟ್ಟು ಹಿಡಿದ. ಸೆನೆಟ್ ಒಪ್ಪಿದ. ಇದನ್ನು ಅವನ ಖಾತೆಗೆ ಜಮಾ ಮಾಡಲೇಬೇಕು. ಬೇರೆ ಯಾವ ನಿರ್ಮಾಪಕನೂ ಅಷ್ಟು ಬೇಗ ಹೊಸಬನ ಕೈಗೆ ನಿರ್ದೇಶನ ಕೊಡುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಚಾಪ್ಲಿನ್ ಸುಮಾರು 35 ಚಿತ್ರಗಳಲ್ಲಿ ಕಾಣಿಸಿಕೊಂಡ. ಮೇರಿ ಡ್ರೆಸ್ಲರ್ ನಾಯಕಿಯಾಗಿದ್ದ, ಸೆನೆಟ್ ನಿರ್ದೇಶಿಸಿದ ಆರು ರೀಲಿನ ಉದ್ದನೆಯ ನಗೆಚಿತ್ರವೂ ಅದರಲ್ಲಿ ಸೇರಿತ್ತು.

ಕರಾರು ಮುಗಿಯುತ್ತ ಬಂದಾಗ ಚಾಪ್ಲಿನ್ ವಾರಕ್ಕೆ ಸಾವಿರ ಡಾಲರ್ ಕೇಳಿದ. ನನಗೇ ಅಷ್ಟು ಬರುವುದಿಲ್ಲವಲ್ಲ ಎಂದನಂತೆ ಸೆನೆಟ್. ಜನ ಟಿಕೆಟ್‌ಗೆ ಸಾಲು ನಿಲ್ಲುವುದು ನಿಮ್ಮ ಹೆಸರಿಗಲ್ಲ ಎಂದನಂತೆ ಚಾಪ್ಲಿನ್. ಎಸ್ಸನೇ ಕಂಪನಿ ವಾರಕ್ಕೆ 1,250 ಡಾಲರ್, ಮೇಲೆ 10,000 ಬೋನಸ್ ಕೊಟ್ಟು ಅವನನ್ನು ಕರೆದುಕೊಂಡಿತು. 1916ರ ಶುರುವಿನಲ್ಲಿ ಮ್ಯೂಚುಯಲ್ ಕಂಪನಿ ಕೊಟ್ಟದ್ದು ವಾರಕ್ಕೆ 10,000, ಬೋನಸ್ 1,50,000; ವರ್ಷಕ್ಕೆ ಒಟ್ಟು 6,70,000 ಡಾಲರ್.

ಸೆನೆಟ್‌ನನ್ನು ಜಿಪುಣ ಎಂದು ಕರೆದು ಮುಂದೆ ಹೋಗುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅವನ ಲೆಕ್ಕಕ್ಕೆ ಕಾರಣವಿತ್ತು. ಆಗ ಕಿರುಚಿತ್ರಗಳು ಬಿಡಿಬಿಡಿಯಾಗಿ ಮಾರಾಟವಾಗುತ್ತಿರಲಿಲ್ಲ. ಹಂಚಿಕೆದಾರರು ವಾರದ ಕಾರ್ಯಕ್ರಮ ಅಂತ ಹಲವು ಕಂಪನಿಗಳ ಚಿತ್ರಗಳನ್ನು ಒಂದೇ ಕಟ್ಟು ಮಾಡಿ ಥಿಯೇಟರ್‌ಗಳಿಗೆ ಕೊಡುತ್ತಿದ್ದರು. ಆ ಕಟ್ಟಿನಲ್ಲಿ ಚಾಪ್ಲಿನ್ ಇದ್ದರೂ ಇಲ್ಲದಿದ್ದರೂ ರೀಲಿನ ದರ ಹೆಚ್ಚು ಕಡಿಮೆ ಅಷ್ಟೇ. ನಟ ಎಷ್ಟೇ ಜನರನ್ನು ಎಳೆದರೂ ನಿರ್ಮಾಪಕನ ಕೈಗೆ ಅದೇ ಹಣ ಬರುವ ವ್ಯವಸ್ಥೆಯಲ್ಲಿ, ವರ್ಷಕ್ಕೆ 52,000 ಡಾಲರ್ ಒಬ್ಬನಿಗೇ ಕೊಡುವುದು ಹುಚ್ಚುತನವಾಗಿ ಕಂಡಿತು. ಪಾಲುದಾರರು ನ್ಯೂಯಾರ್ಕ್‌ನಲ್ಲಿ ಕೂತಿದ್ದರು, ಹಣದ ಚೀಲದ ಹಗ್ಗ ಅವರ ಕೈಯಲ್ಲಿತ್ತು. ಚಾಪ್ಲಿನ್‌ನನ್ನು ಕೊಂಡುಕೊಂಡವರು ಮಾಡಿದ್ದು ಬೇರೆ. ಮ್ಯೂಚುಯಲ್ ಅವನ ಚಿತ್ರಗಳನ್ನು ಕಟ್ಟಿನಿಂದ ಬಿಚ್ಚಿ ಪ್ರತ್ಯೇಕ ದರಕ್ಕೆ ಬಾಡಿಗೆ ಕೊಟ್ಟಿತು. ದುಬಾರಿ ನಟನಿಗೆ ತಕ್ಕ ಮಾರುಕಟ್ಟೆಯನ್ನೂ ಅವರೇ ಮಾಡಿಕೊಂಡರು. ಸೆನೆಟ್‌ನಿಂದ ಆಗದೇ ಹೋದದ್ದು ಅದು.

ಹೋದವರ ಪಟ್ಟಿ

ಸ್ಟರ್ಲಿಂಗ್ ಹೋದ, ಲೆಹ್ರ್‌ಮನ್‌ನೂ ಹೋದ. ಲೆಹ್ರ್‌ಮನ್ 1914ರಲ್ಲೇ ಯೂನಿವರ್ಸಲ್ ನೆರಳಿನಲ್ಲಿ ತನ್ನದೇ ನಗೆಚಿತ್ರ ಕಂಪನಿ ತೆರೆದು ಕೀಸ್ಟೋನ್‌ನ ಓಟ, ಗುದ್ದು, ಬೀಳು ಎಲ್ಲವನ್ನೂ ಹಾಗೆಯೇ ತೆಗೆದುಕೊಂಡು ಹೋದ. ಮುಂದೆ ಫಾಕ್ಸ್‌ಗೂ ಅದನ್ನೇ ಮಾಡಿಕೊಟ್ಟ. ಸೆನೆಟ್ ನಂಬಿದ್ದು ನಟನಿಗಿಂತ ಪದ್ಧತಿಯೇ ದೊಡ್ಡದು ಎಂದು. ಆದರೆ ಪದ್ಧತಿಗೆ ಬೇಲಿ ಹಾಕಲು ಬರುವುದಿಲ್ಲ. ಎರಡು ವರ್ಷ ಅಲ್ಲಿ ಕೆಲಸ ಮಾಡಿದ ಯಾರಾದರೂ ಅದನ್ನು ತಲೆಯಲ್ಲಿಟ್ಟುಕೊಂಡು ಗೇಟು ದಾಟಬಹುದಿತ್ತು, ದಾಟಿದರು.

ಆರ್ಬಕಲ್‌ಗೆ ನಿರ್ಮಾಪಕ ಜೋಸೆಫ್ ಶೆಂಕ್ ಸ್ವಂತ ಕಂಪನಿ ಮಾಡಿಕೊಟ್ಟ. 1917ರಲ್ಲಿ ಅಲ್ಲಿ ಆರ್ಬಕಲ್ ಜೊತೆ ಮೊದಲ ಬಾರಿ ಕ್ಯಾಮೆರಾ ಮುಂದೆ ನಿಂತವನು ಬಸ್ಟರ್ ಕೀಟನ್. ನಟಿ ಗ್ಲೋರಿಯಾ ಸ್ವಾನ್‌ಸನ್ ಹೋದಳು. ಕೀಸ್ಟೋನ್‌ನಲ್ಲಿ ಪಳಗಿದ ಚಾರ್ಲಿ ಚೇಸ್ ಕೊನೆಗೆ ಇನ್ನೊಬ್ಬ ನಗೆಚಿತ್ರ ನಿರ್ಮಾಪಕ ಹ್ಯಾಲ್ ರೋಚ್‌ನ ಬಳಿ ಸೇರಿ ಅಲ್ಲಿ ಬೆಳಗಿದ.

ಮೇಬಲ್ ನಾರ್ಮಂಡ್ ಕಥೆ ಇವೆಲ್ಲಕ್ಕಿಂತ ನೋವಿನದು. ಬಯೋಗ್ರಾಫ್ ದಿನಗಳಿಂದ ಸೆನೆಟ್ ಜೊತೆಗಿದ್ದವಳು, ಕೀಸ್ಟೋನ್‌ನ ಮೊದಲ ನಾಯಕಿ, ತಾನೇ ನಿರ್ದೇಶಿಸಿದವಳು. ಮದುವೆಯ ಮಾತು ನಡೆದು ಮುರಿದುಬಿತ್ತು. ಸೆನೆಟ್ ಕೊನೆತನಕ ಮದುವೆಯಾಗಲಿಲ್ಲ. ಅವಳಿಗಾಗಿಯೇ ಬೇರೆ ಸ್ಟುಡಿಯೋ ಮಾಡಿ ತೆಗೆದ ‘ಮಿಕ್ಕಿ’ ಚಿತ್ರ ವ್ಯಾಪಾರದ ಗೋಜಲಿನಲ್ಲಿ ಸಿಕ್ಕಿ ಕೊನೆಗೆ 1918ರಲ್ಲಿ ಬಿಡುಗಡೆಯಾಯಿತು. ಜನ ಮುಗಿಬಿದ್ದು ನೋಡಿದರು. ಅಷ್ಟರಲ್ಲಿ ಅವಳು ಗೋಲ್ಡ್‌ವಿನ್ ಕಂಪನಿ ಸೇರಿ ಆಗಿತ್ತು. 1921ರಲ್ಲಿ ಮರಳಿ ಬಂದಳು. 1922ರ ಫೆಬ್ರವರಿಯಲ್ಲಿ ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್‌ನ ಕೊಲೆಯಾಯಿತು. ಅವನನ್ನು ಕೊನೆಗೆ ಭೇಟಿಯಾದವರಲ್ಲಿ ಒಬ್ಬಳು ಎಂಬ ಕಾರಣಕ್ಕೆ ಪತ್ರಿಕೆಗಳು ಅವಳ ಹೆಸರನ್ನು ಹರಿದು ಹಾಕಿದವು. ಅವಳು ತಪ್ಪೇನೂ ಮಾಡಿರಲಿಲ್ಲ. 1930ರಲ್ಲಿ ಕ್ಷಯದಿಂದ ತೀರಿಕೊಂಡಳು.

ಈ ನಡುವೆ 1915ರಲ್ಲಿ ಟ್ರಯಾಂಗಲ್ ಎಂಬ ದೊಡ್ಡ ಕಂಪನಿ ಬಂತು. ಗ್ರಿಫಿತ್, ನಿರ್ಮಾಪಕ ಥಾಮಸ್ ಇನ್ಸ್, ಸೆನೆಟ್ ಮೂವರೂ ಅದರ ಮೂರು ಮೂಲೆಗಳು. ನಾಟಕರಂಗದ ತಾರೆಯರಿಗೆ ಹೊಳೆಯಂತೆ ಹಣ ಸುರಿದು ಅದು ಬೇಗ ಬಸವಳಿಯಿತು. 1917ರಲ್ಲಿ ಸೆನೆಟ್ ಹೊರಬಂದು ತನ್ನ ಹೆಸರಿನಲ್ಲೇ ಚಿತ್ರ ಮಾಡಿ ಪ್ಯಾರಾಮೌಂಟ್ ಮೂಲಕ ಹಂಚತೊಡಗಿದ. ಹೊರಬರುವಾಗ ಕೀಸ್ಟೋನ್ ಎಂಬ ಹೆಸರನ್ನು ಅಲ್ಲೇ ಬಿಟ್ಟುಬರಬೇಕಾಯಿತು. ಐದು ವರ್ಷ ಬೆವರು ಸುರಿಸಿ ಕಟ್ಟಿದ ಹೆಸರು ಹೀಗೆ ಕೈತಪ್ಪಿತು.

ಇಪ್ಪತ್ತರ ದಶಕದಲ್ಲಿ ಅದೇ ಆಟ ಮತ್ತೆ ನಡೆಯಿತು. ಹ್ಯಾರಿ ಲ್ಯಾಂಗ್ಡನ್ ಎಂಬ ಮಗುಮುಖದ ನಟ ಬಂದ. ಅವನ ನಿಧಾನ ಲಯಕ್ಕೆ ತಕ್ಕ ಗ್ಯಾಗ್‌ಗಳನ್ನು, ಅಂದರೆ ನಗೆಯ ಪುಟ್ಟ ಪ್ರಸಂಗಗಳನ್ನು, ಕಟ್ಟಿಕೊಟ್ಟವರಲ್ಲಿ ಫ್ರಾಂಕ್ ಕಾಪ್ರಾ ಒಬ್ಬ. ಎರಡು ಮೂರು ವರ್ಷದಲ್ಲಿ ಲ್ಯಾಂಗ್ಡನ್ ದೊಡ್ಡ ಹೆಸರಾದ. ಫಸ್ಟ್ ನ್ಯಾಷನಲ್ ಕಂಪನಿ ಪೂರ್ಣಾವಧಿ ಚಿತ್ರಗಳಿಗೆ ಕರೆದಾಗ ಹೋದ. ಕಾಪ್ರಾ, ನಿರ್ದೇಶಕ ಹ್ಯಾರಿ ಎಡ್ವರ್ಡ್ಸ್ ಇಬ್ಬರೂ ಜೊತೆಗೆ ಹೋದರು. ಕಾರ್ಯಕ್ರಮದ ಕಟ್ಟಿನ ಕಾಲ ಮುಗಿದು ಹತ್ತು ವರ್ಷವಾಗಿತ್ತು. 1914ರ ಲೆಕ್ಕಕ್ಕೆ ಇದ್ದ ಕಾರಣ ಈಗ ಉಳಿದಿರಲಿಲ್ಲ, ಲೆಕ್ಕ ಮಾತ್ರ ಬದಲಾಗಿರಲಿಲ್ಲ. ಚಾಪ್ಲಿನ್ ವಿಷಯದಲ್ಲಿ ಸೆನೆಟ್‌ನ ಪರ ವಾದ ಮಾಡಬಹುದು, ಲ್ಯಾಂಗ್ಡನ್ ವಿಷಯದಲ್ಲಿ ನನ್ನಿಂದ ಆಗದು.

ಹೊಸ ಸ್ಟುಡಿಯೋ, ಹಳೆ ಸರಕು

1928ರಲ್ಲಿ ಸೆನೆಟ್ ಸ್ಯಾನ್ ಫೆರ್ನಾಂಡೊ ಕಣಿವೆಯಲ್ಲಿ ದೊಡ್ಡ ಸ್ಟುಡಿಯೋ ಕಟ್ಟಿದ. ಬಡಾವಣೆ ಮಾಡುತ್ತಿದ್ದವರು ಜಾಗ ಕೊಟ್ಟರು, ಸ್ಟುಡಿಯೋ ಬಂದರೆ ಸುತ್ತಲಿನ ನಿವೇಶನಗಳಿಗೆ ಬೆಲೆ ಬರುತ್ತದೆ ಎಂದು. ಆ ಪ್ರದೇಶಕ್ಕೆ ಸ್ಟುಡಿಯೋ ಸಿಟಿ ಎಂಬ ಹೆಸರು ಬಂದದ್ದೇ ಇದರಿಂದ. ಆದರೆ ಮೊದಲ ಟಾಕಿಯ ಯಶಸ್ಸು ಹಾಲಿವುಡ್ಡನ್ನು ತಲೆಕೆಳಗು ಮಾಡುತ್ತಿದ್ದ ಹೊತ್ತು ಅದು. ಕಟ್ಟಡದ ಖರ್ಚಿನ ಬೆನ್ನಿಗೆ ಧ್ವನಿ ಯಂತ್ರಗಳ ಖರ್ಚೂ ಬಿತ್ತು. ಮರುವರ್ಷ ಷೇರುಪೇಟೆ ಕುಸಿದು ಅವನ ಸ್ವಂತ ಆಸ್ತಿಯೂ ಕರಗಿತು. ಹಾಲಿವುಡ್ ಫಲಕದ ಮೇಲಿನ ಬೆಟ್ಟದ ತುದಿಯಲ್ಲಿ ಅರಮನೆ ಕಟ್ಟಿಸಲು ಜಾಗ ಕೊಂಡಿದ್ದ, ಅದು ಕಟ್ಟಲ್ಪಡಲೇ ಇಲ್ಲ.

ಮಾರುಕಟ್ಟೆಯೂ ಕಿರಿದಾಗುತ್ತಿತ್ತು. ಎಂಜಿಎಂ, ಪ್ಯಾರಾಮೌಂಟ್‌ನಂಥ ದೊಡ್ಡ ಕಂಪನಿಗಳ ಬಳಿ ಹಂಚಿಕೆ, ಥಿಯೇಟರ್ ಎರಡೂ ಇದ್ದವು. ದೊಡ್ಡ ಚಿತ್ರ ಬೇಕಾದ ಥಿಯೇಟರಿನವರು ಅದೇ ಕಂಪನಿಯ ಕಿರುಚಿತ್ರಗಳನ್ನೂ ತೆಗೆದುಕೊಳ್ಳಬೇಕಿತ್ತು. ಆರ್ಥಿಕ ಮುಗ್ಗಟ್ಟಿನಲ್ಲಿ ಜನರನ್ನು ಸೆಳೆಯಲು ಒಂದೇ ಟಿಕೆಟ್‌ಗೆ ಎರಡು ಪೂರ್ಣಾವಧಿ ಚಿತ್ರ ತೋರಿಸುವ ಪದ್ಧತಿ ಹಬ್ಬಿತು, ಎರಡು ರೀಲಿನ ನಗೆಚಿತ್ರಕ್ಕೆ ಜಾಗವೇ ಉಳಿಯಲಿಲ್ಲ. ಉಳಿದ ಚೂರು ಜಾಗಕ್ಕೆ ಮಿಕ್ಕಿ ಮೌಸ್ ಬಂದ. ಸೆನೆಟ್ ಪಾಥೆ ಎಂಬ ಹಂಚಿಕೆ ಕಂಪನಿಯನ್ನು ಬಿಟ್ಟು ಎಜುಕೇಷನಲ್, ಆಮೇಲೆ ಪ್ಯಾರಾಮೌಂಟ್ ಎಂದು ಹಂಚಿಕೆ ಬದಲಿಸುತ್ತ ಹೋದ. 1932ರ ಕೊನೆಗೆ ಒಂದು ಪೂರ್ಣಾವಧಿ ಚಿತ್ರಕ್ಕೆ ಕೈಹಾಕಿದ, ಅದು ಓಡಲಿಲ್ಲ. ಮುಂದಿನ ನವೆಂಬರ್‌ಗೆ ದಿವಾಳಿ. 1935ರಲ್ಲಿ ಎಜುಕೇಷನಲ್ ಕಂಪನಿಗೆ ಬಸ್ಟರ್ ಕೀಟನ್ ನಟಿಸಿದ ಒಂದು ಕಿರುಚಿತ್ರ ನಿರ್ದೇಶಿಸಿ, ಹೆಚ್ಚು ಕಡಿಮೆ ಅಲ್ಲಿಗೇ ನಿಲ್ಲಿಸಿದ. 1938ರಲ್ಲಿ ಗೌರವ ಆಸ್ಕರ್ ಸಂದಿತು. 1960ರ ನವೆಂಬರ್ 5ರಂದು, 80ರ ವಯಸ್ಸಿನಲ್ಲಿ ತೀರಿಕೊಂಡ.

ರೋಚ್‌ನ ದಾರಿ

ಇದೇ ಮಾರುಕಟ್ಟೆ, ಇದೇ ಟಾಕಿ, ಇದೇ ಮುಗ್ಗಟ್ಟು ಹ್ಯಾಲ್ ರೋಚ್‌ಗೂ ಎದುರಾದವು. ಅವನು ಶುರು ಮಾಡಿದ್ದು 1914ರಲ್ಲಿ, ಹೆರಾಲ್ಡ್ ಲಾಯ್ಡ್ ಎಂಬ ನಟ ಗೆಳೆಯನ ಜೊತೆ. ಲಾಯ್ಡ್ ಹಣದ ವಿಷಯಕ್ಕೆ ಮುನಿಸಿಕೊಂಡು 1915ರಲ್ಲಿ ಕೆಲಕಾಲ ಸೆನೆಟ್ ಬಳಿ ಕೆಲಸ ಮಾಡಿ ಮರಳಿದ. ಅವನು ಬೆಳೆದಂತೆ ರೋಚ್ ಲಾಭದಲ್ಲಿ ಪಾಲು ಕೊಟ್ಟ. 1923ರಲ್ಲಿ ಲಾಯ್ಡ್ ಸ್ವಂತ ಕಂಪನಿ ಮಾಡಲು ಹೊರಟಾಗ ಇಬ್ಬರೂ ಗೆಳೆಯರಾಗಿಯೇ ಬೇರೆಯಾದರು. ಅಷ್ಟರಲ್ಲಿ ರೋಚ್ ಮಕ್ಕಳ ತಂಡದ ‘ಅವರ್ ಗ್ಯಾಂಗ್’ ಸರಣಿ ಶುರು ಮಾಡಿ ಆಗಿತ್ತು. ಅಲ್ಲಿ ಒಬ್ಬ ಹುಡುಗ ದೊಡ್ಡವನಾದರೆ ಇನ್ನೊಬ್ಬ ಬರಬಹುದು, ಸರಣಿ ನಿಲ್ಲುವುದಿಲ್ಲ.

ರೋಚ್ ದೇವರಂಥವನೇನೂ ಅಲ್ಲ. ಅವನ ಜೋಡಿ ನಗೆನಟರಾದ ಸ್ಟಾನ್ ಲಾರೆಲ್ ಮತ್ತು ಆಲಿವರ್ ಹಾರ್ಡಿ ಇಬ್ಬರ ಕರಾರುಗಳನ್ನು ಬೇರೆ ಬೇರೆ ದಿನಕ್ಕೆ ಮುಗಿಯುವಂತೆ ಬರೆಸಿದ್ದ, ಜೋಡಿಯಾಗಿ ಕೂತು ಚೌಕಾಸಿ ಮಾಡದಿರಲಿ ಎಂದು. ಅದು ಕಠಿಣ ವ್ಯವಹಾರ. ಆದರೆ ಗ್ಯಾಗ್ ಕಟ್ಟುವಲ್ಲಿ, ಎಡಿಟಿಂಗ್‌ನಲ್ಲಿ ಲಾರೆಲ್ ಮಾತಿಗೆ ಬೆಲೆ ಇತ್ತು, ಅವನಿಗೆ ಬೇಕಾದ ನಿಧಾನ ಸಿಕ್ಕಿತು. ಚಾಪ್ಲಿನ್ ಕೀಸ್ಟೋನ್‌ನಲ್ಲಿ ಜಗಳವಾಡಿ ಕೇಳಿದ್ದು ಆ ನಿಧಾನವನ್ನೇ. 1927ರಲ್ಲಿ ರೋಚ್ ಪಾಥೆಯನ್ನು ಬಿಟ್ಟು ಎಂಜಿಎಂ ಜೊತೆ ಹಂಚಿಕೆ ಕುದುರಿಸಿದ. ಎಂಜಿಎಂನ ದೊಡ್ಡ ಚಿತ್ರಗಳು ಹೋದಲ್ಲೆಲ್ಲ ಅವನ ಎರಡು ರೀಲುಗಳೂ ಹೋದವು. ಸೆನೆಟ್ ಅದೇ ಹೊತ್ತಿಗೆ ಕಟ್ಟಡ ಕಟ್ಟಿಸುತ್ತಿದ್ದ. 1931ರಿಂದ ಲಾರೆಲ್ ಹಾರ್ಡಿಯನ್ನು ಪೂರ್ಣಾವಧಿ ಚಿತ್ರಗಳಿಗೆ ಒಯ್ದ ರೋಚ್, 1938ರಲ್ಲಿ ‘ಅವರ್ ಗ್ಯಾಂಗ್’ ಸರಣಿಯನ್ನು ಎಂಜಿಎಂಗೆ ಮಾರಿ ಕಿರುಚಿತ್ರದ ವ್ಯಾಪಾರವನ್ನೇ ತಾನಾಗಿ ಬಿಟ್ಟ. ಕಿರು ನಗೆಚಿತ್ರದ ಮಾರುಕಟ್ಟೆ ಅವನಿಗೂ ಉಳಿಯಲಿಲ್ಲ. ಆದರೆ ಅವನು ಅದನ್ನು ಮಾರಿ ಎದ್ದ, ಸೆನೆಟ್ ಅದರಲ್ಲೇ ಸಿಕ್ಕಿಕೊಂಡ.

ಇನ್ನೊಂದು ವ್ಯತ್ಯಾಸವನ್ನು ಹೇಳಲೇಬೇಕು. ಲಾಯ್ಡ್ ತನ್ನ ಚಿತ್ರಗಳ ಮೂಲ ನೆಗೆಟಿವ್‌ಗಳನ್ನು ತಾನೇ ಇಟ್ಟುಕೊಂಡ, ಚಾಪ್ಲಿನ್ ಕೂಡ 1918ರಿಂದಾಚೆಯ ಚಿತ್ರಗಳನ್ನು ಕಾಪಾಡಿಕೊಂಡ. ಕೀಸ್ಟೋನ್‌ನ ಚಾಪ್ಲಿನ್ ಚಿತ್ರಗಳು ಸೆನೆಟ್ ಹೊರಬಂದ ಮೇಲೆ ಕೈಯಿಂದ ಕೈಗೆ ಹೋದವು. ಹೆಸರು ಬದಲಿಸಿ, ಕತ್ತರಿಸಿ, ನಕಲಿನ ಮೇಲೆ ನಕಲು ತೆಗೆದು ದಶಕಗಳ ಕಾಲ ತೋರಿಸಿ ಹಣ ಮಾಡಿಕೊಂಡವರು ಬೇರೆಯವರು. ಉಳಿದ ಪ್ರಿಂಟುಗಳನ್ನು ಹಲವು ದೇಶಗಳ ಚಿತ್ರಭಂಡಾರಗಳಿಂದ ಕಲೆಹಾಕಿ, ಚೌಕಟ್ಟು ಚೌಕಟ್ಟಾಗಿ ಸರಿಪಡಿಸಿ ಒಟ್ಟಾಗಿ ಹೊರತಂದದ್ದು 2010ರಲ್ಲಿ. ಚಾಪ್ಲಿನ್ ಕೀಸ್ಟೋನ್ ಪೊಲೀಸನಾಗಿ ಬರುವ 1914ರ ಒಂದು ಚಿತ್ರ ಎಷ್ಟು ಮರೆತುಹೋಗಿತ್ತೆಂದರೆ, ಅವನ ಚಿತ್ರಗಳ ಪಟ್ಟಿಗಳಲ್ಲೂ ಅದಕ್ಕೆ ಜಾಗ ಇರಲಿಲ್ಲ. ಮಿಷಿಗನ್‌ನ ಹಳೆ ವಸ್ತುಗಳ ಮಾರಾಟದಲ್ಲಿ ಅದರ ಪ್ರಿಂಟು ಸಿಕ್ಕ ಸುದ್ದಿ ಹೊರಬಂದದ್ದೂ ಅದೇ 2010ರಲ್ಲಿ.